ನಂದಿದುರ್ಗವೂ ಭಯಾನಕರಸವೂ

ಆಂಗ್ಲಸಾಹಿತ್ಯದಲ್ಲಿ ಗಾಥಿಕ್ ಎಂದು ಪ್ರಸಿದ್ಧವಾದ ಭಯಪ್ರಧಾನ ಕಾದಂಬರಿಗಳು ಹೊರೇಸ್ ವಾಲ್‌ಪೋಲನ ‘ಒಟ್ರಾಂಟೊ ದುರ್ಗ’ದಿಂದ (1764) ಮೊದಲಾದುವು. ಅದಕ್ಕೆ ಏಳು ವರ್ಷ ಮುಂಚೆಯೇ, 1757ರಲ್ಲಿ, ಎಡ್ಮಂಡ್ ಬರ್ಕನು ಭವ್ಯತೆಗೆ ಭೀತಿಯೇ ಮೂಲವೆಂದು ಪ್ರತಿಪಾದಿಸಿದ್ದನು. ಅಪಾಯವು ತೀರ ಸಮೀಪಿಸಿದಾಗ ಭೀತಿಯಲ್ಲಿ ಸುಖವಿಲ್ಲ, ತಕ್ಕಷ್ಟು ದೂರವಿದ್ದಾಗಲೇ ಅದು ಹಿತವಾಗುವುದೆಂದು ಅವನ ಮತ. ನಾಟ್ಯಶಾಸ್ತ್ರವನ್ನು ಬಲ್ಲವರಿಗೆ ಇದು ಅಪೂರ್ವವಲ್ಲ. ವಿಕೃತಧ್ವನಿ, ಶೂನ್ಯಗೃಹ, ಅರಣ್ಯ, ಸಂಗ್ರಾಮ ಮೊದಲಾದುವನ್ನು ಭರತನು ಭಯಾನಕದ ವಿಭಾವಗಳೆಂದಿರುವನು. ಗಾಥಿಕ್ ಕಾದಂಬರಿಕಾರರ ಸಾಮಗ್ರಿಯೂ ಬಹುಮಟ್ಟಿಗೆ ಇಷ್ಟೇ. ಶಾಕುಂತಲದ ಆದಿಯಲ್ಲಿ ಬೆದರಿ ಓಡುವ ಜಿಂಕೆಯನ್ನು ಉದಾಹರಿಸಿ, ಅಲ್ಲಿಯ ಭಯವು ದೇಶಕಾಲಗಳ ಕಟ್ಟನ್ನು ಕಳಚಿಕೊಂಡುದರಿಂದಲೇ ಆಸ್ವಾದ್ಯವೆಂದು ಅಭಿನವಗುಪ್ತನು ತೋರಿಸಿದನು. ಈ ಎರಡು ಮತಗಳನ್ನು ಒಂದೇ ಎನ್ನುವುದು ಆತುರ. ಬರ್ಕನು ಬೇಡುವುದು ಪ್ರೇಕ್ಷಕನ ದೇಹಕ್ಷೇಮವನ್ನು. ಅಭಿನವಗುಪ್ತನು ಬೇಡುವುದು ‘ನಾನು’ ಎಂಬುದರ ಮರೆವನ್ನು.

ಈ ಭೇದವನ್ನು ಒರೆಗೆ ಹಚ್ಚಲು ಚಿಕ್ಕಬಳ್ಳಾಪುರದ ಸಮೀಪದ ನಂದಿದುರ್ಗವು ತಕ್ಕ ಸ್ಥಳ. 1791ರಲ್ಲಿ ಕಾರ್ನ್‌ವಾಲೀಸನ ಸೇನೆಯವರು ಚಿಂತಾಮಣಿಯ ಕಡೆಯ ರಹಮಾನಗಡವನ್ನು ಹಿಡಿದು, ಬಳಿಕ ಈ ಬೆಟ್ಟವನ್ನು ಮುತ್ತಿದರು. ಕಡಿದಾದ ಇಳಿಜಾರಿನಲ್ಲಿ ಫಿರಂಗಿಗಳನ್ನು ಎಳೆದು ಸಾಗಿಸಬೇಕಾಯಿತು. ಸುಮಾರು ಮೂರು ವಾರಗಳ ಮುತ್ತಿಗೆಯ ತರುವಾಯ, ಅಕ್ಟೋಬರ್ 19ರ ಬೆಳಗಿಗೆ ಮುನ್ನ, ಬೆಳುದಿಂಗಳಲ್ಲಿ ಲಗ್ಗೆ ನಡೆಯಿತು. ಮೇಲಿಂದ ಕೋಟೆಯವರು ಬಂಡೆಗಳನ್ನು ಉರುಳಿಸಿದರು. ಪ್ರಪಾತ, ಪಾಳುಬಿದ್ದ ಗೋಡೆ, ಚಂದ್ರಿಕೆ, ಆರ್ತನಾದ ಎಲ್ಲವೂ ಅಲ್ಲಿದ್ದುವು, ರಸವೊಂದೇ ಇರಲಿಲ್ಲ.

ಮೂರು ವರ್ಷಗಳಲ್ಲಿ ದೃಷ್ಟಿ ಬದಲಾಯಿತು. 1794ರಲ್ಲಿ ಆನ್ ರ್‍ಯಾಡ್‌ಕ್ಲಿಫಳ ‘ಉಡಾಲ್ಫೊ ರಹಸ್ಯಗಳು’ ಪ್ರಕಟವಾಯಿತು. ಅದೇ ವರ್ಷ, ಕಾರ್ನ್‌ವಾಲೀಸನ ಸೇನೆಯೊಡನಿದ್ದ ಚಿತ್ರಕಾರ ರಾಬರ್ಟ್ ಹೋಮನ ಮೈಸೂರು ಸೀಮೆಯ ದೃಶ್ಯಗಳ ಪುಸ್ತಕವೂ ಲಂಡನ್ನಿನಲ್ಲಿ ಹೊರಬಂದಿತು. ಕಲ್ಪಿತದುರ್ಗಕ್ಕೆ ಬೆಚ್ಚಿದ ಓದುಗರೇ ನಿಜದುರ್ಗಗಳ ಚಿತ್ರಗಳನ್ನೂ ಒಲೆಯ ಬಳಿ ಕುಳಿತು ನೋಡಿರಬಹುದು. ಮುಂದೆ ಕಮಿಷನರ್ ಮಾರ್ಕ್ ಕಬ್ಬನ್ನನಿಗೆ ಈ ಬೆಟ್ಟವೇ ಬೇಸಗೆಯ ಬೀಡಾಯಿತು. ಬರ್ಕನ ದೂರವು ಹೀಗೆ ಗೆದ್ದವರಿಗೆ ಸುಲಭವಾಗಿ ದೊರೆಯಿತು.

ಬೆಟ್ಟದ ಒಂದು ಪ್ರಪಾತಕ್ಕೆ ಟಿಪ್ಪು ಡ್ರಾಪ್ ಎಂದು ಹೆಸರು. ಅಪರಾಧಿಗಳನ್ನು ಅಲ್ಲಿಂದ ತಳ್ಳುತ್ತಿದ್ದರೆಂಬುದು ಐತಿಹ್ಯ. ಆ ಕಥೆಯಲ್ಲಿ ಸತ್ತವರಿಗೆ ಹೆಸರಿಲ್ಲ, ಕಾಲವಿಲ್ಲ. ಇದನ್ನು ಸಾಧಾರಣೀಕರಣವೆನ್ನುವುದು ಲಕ್ಷಣಕ್ಕೆ ಮಾಡುವ ಅಪಚಾರ. ಜಿಂಕೆಯ ಭಯದಲ್ಲಿ ಸಹೃದಯನು ತಾನೂ ಓಡುತ್ತಾನೆ. ಇಲ್ಲಿ ಯಾತ್ರಿಕನು ಕಂಬಿ ಹಿಡಿದು ಕೆಳಗೆ ಇಣಿಕಿ ನೋಡುತ್ತಾನೆ.