ಬಾಂಗ್ಲಾದೇಶ ಅಕಾರ್ಡ್

ಸಿದ್ಧ ಉಡುಪು ಕಾರ್ಖಾನೆಗಳ ಸುರಕ್ಷತೆಗಾಗಿ ವಿದೇಶಿ ಬ್ರ್ಯಾಂಡುಗಳೂ ಕಾರ್ಮಿಕ ಸಂಘಗಳೂ 2013ರ ಮೇ ತಿಂಗಳಲ್ಲಿ ಮಾಡಿಕೊಂಡ, ಕಾನೂನಿನ ಬಲವುಳ್ಳ ಒಪ್ಪಂದ. ಜಾಗತಿಕ ಸಂಘಟನೆಗಳಾದ ಇಂಡಸ್ಟ್ರಿಆಲ್ ಮತ್ತು ಯುಎನ್‌ಐ ಕಾರ್ಮಿಕರ ಪರವಾಗಿ ಸಹಿ ಹಾಕಿದವು.

ಹಿನ್ನೆಲೆ: ಢಾಕಾ ಸಮೀಪದ ಸಾವರ್‌ನಲ್ಲಿ ಉಡುಪು ಕಾರ್ಖಾನೆಗಳಿದ್ದ ಎಂಟು ಮಹಡಿಯ ರಾಣಾ ಪ್ಲಾಜಾ ಕಟ್ಟಡ 2013ರ ಏಪ್ರಿಲ್ 24ರಂದು ಕುಸಿದು 1,100ಕ್ಕೂ ಹೆಚ್ಚು ಮಂದಿ ಸತ್ತರು. ಹಿಂದಿನ ದಿನವೇ ಗೋಡೆ, ಕಂಬಗಳು ಬಿರುಕು ಬಿಟ್ಟು, ಕೆಳಗಿನ ಬ್ಯಾಂಕು ಬಾಗಿಲು ಹಾಕಿತ್ತು. ಹೊಲಿಗೆ ಕಾರ್ಮಿಕರನ್ನು ಮಾತ್ರ ಮರುದಿನ ಬೆಳಿಗ್ಗೆ ಕೆಲಸಕ್ಕೆ ಹತ್ತಿಸಲಾಯಿತು.

ಪರಿಣಾಮ: ಸ್ವತಂತ್ರ ಎಂಜಿನಿಯರುಗಳ ತಪಾಸಣಾ ವರದಿಗಳು ಬಹಿರಂಗಗೊಂಡವು. ಹೊರದಾರಿಯಲ್ಲಿ ಬೀಗ ಜಡಿಯುತ್ತಿದ್ದ ಗೇಟುಗಳ ಜಾಗಕ್ಕೆ ಬೆಂಕಿ ತಡೆಯುವ ಬಾಗಿಲುಗಳು ಬಂದವು. ಅಪಾಯವಿದ್ದಲ್ಲಿ ಕೆಲಸ ನಿರಾಕರಿಸುವ ಹಕ್ಕಿಗೂ ಮನ್ನಣೆ ದೊರೆಯಿತು. 2021ರಲ್ಲಿ ಇದು ಅಂತರರಾಷ್ಟ್ರೀಯ ಒಪ್ಪಂದವಾಗಿ, ಮುಂದೆ ಪಾಕಿಸ್ತಾನಕ್ಕೂ ವಿಸ್ತರಿಸಿತು.