ಒಡೆದ ದನಿಯ ಚರಿತ್ರೆ

ಹಿಂದೆ ಮದುವೆಮನೆಗಳಲ್ಲಿ ಚಪ್ಪರದ ಕಂಬಕ್ಕೆ ತಗಡಿನ ಹಾರ್ನ್ ಕಟ್ಟುತ್ತಿದ್ದರಲ್ಲ, ನೆನಪಿದೆಯೇ? ಮೈಕ್‌ಸೆಟ್ಟಿನ ಹುಡುಗ ವಾಲ್ಯೂಮ್ ಹೆಚ್ಚು ತಿರುಗಿಸಿದನೆಂದರೆ ಹಾಡಿನ ದನಿ ಒಡೆದು ಕರಕರ ಎನ್ನುತ್ತಿತ್ತು. ಹಿರಿಯರು ಯಾರಾದರೂ "ಏ, ಕಡಿಮೆ ಮಾಡೋ" ಎಂದು ಗದರುತ್ತಿದ್ದರು. ದನಿ ಒಡೆಯಿತೆಂದರೆ ಏನೋ ಕೆಟ್ಟಿದೆ ಎಂದೇ ನಮ್ಮ ಲೆಕ್ಕ. ಆದರೆ ಆ ಒಡೆದ ದನಿಯನ್ನೇ ಬೇಕೆಂದು ಹುಡುಕಿಕೊಂಡು ಹೋದವರೂ ಇದ್ದಾರೆ. ಇಂಗ್ಲೆಂಡ್, ಅಮೆರಿಕಗಳಲ್ಲಿ ಬೆಳೆದು 'ಹೆವಿ ಮೆಟಲ್' ಎಂದು ಹೆಸರಾದ ಗಿಟಾರ್ ಸಂಗೀತಕ್ಕೆ ಅದೇ ಜೀವಾಳ. ಅದರ ಚರಿತ್ರೆಯನ್ನು ಓದುತ್ತ ಹೋದಾಗ ನನಗೆ ಆಶ್ಚರ್ಯವಾಯಿತು. ಅಷ್ಟು ದೊಡ್ಡ ಸದ್ದು ಹುಟ್ಟಿದ್ದು ಸಣ್ಣ ಸಣ್ಣ ಮನೆಗಳಲ್ಲಿ, ಗಾಯಗೊಂಡ ಕೈಗಳಲ್ಲಿ. ಅದರ ಹಿಂದೆ ಹೆಂಗಸರೂ ಇದ್ದರು.

ಎಲೆಕ್ಟ್ರಿಕ್ ಗಿಟಾರಿಗೆ ಸ್ವಂತ ದನಿ ಬಹಳ ಕಡಿಮೆ. ತಂತಿಯ ಕಂಪನವನ್ನು 'ಪಿಕಪ್' ಎಂಬ ಅಯಸ್ಕಾಂತದ ಸುರುಳಿ ವಿದ್ಯುತ್ತಾಗಿ ಹಿಡಿಯುತ್ತದೆ. ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕಳಿಸುತ್ತದೆ. ಹಳೆಯ ಆಂಪ್ಲಿಫೈಯರುಗಳಲ್ಲಿ ಇದ್ದದ್ದು ವಾಲ್ವುಗಳು. ಸ್ವಿಚ್ ಹಾಕಿದ ಮೇಲೆ ನಿಧಾನವಾಗಿ ಕೆಂಪಗೆ ಬೆಳಗಿ ಆಮೇಲೆ ಮಾತನಾಡುತ್ತಿದ್ದ ನಮ್ಮ ಹಳೆಯ ರೇಡಿಯೋದಲ್ಲಿ ಇದ್ದವೇ. ಇವುಗಳ ಶಕ್ತಿಗೆ ಮೀರಿದ ಕೆಲಸ ಕೊಟ್ಟರೆ ದನಿಯ ಅಲೆಯ ತುದಿಗಳು ಕತ್ತರಿಸಿಹೋಗುತ್ತವೆ. ಆಗ ಮೂಲ ಸ್ವರದ ಜೊತೆಗೆ ಹೊಸ ಮೇಲುಸ್ವರಗಳು ಹುಟ್ಟುತ್ತವೆ. ಒಂದೇ ತಂತಿ ದಪ್ಪಗೆ, ಉದ್ದಕ್ಕೆ ನುಡಿಯತೊಡಗುತ್ತದೆ.

ಲಂಡನ್ನಿನ ಉತ್ತರ ಭಾಗದಲ್ಲಿ ಡೇವೀಸ್ ಎಂಬ ಮನೆತನ. ಆರು ಜನ ಅಕ್ಕಂದಿರು, ಕೊನೆಗೆ ರೇ ಮತ್ತು ಡೇವ್ ಎಂಬ ಇಬ್ಬರು ತಮ್ಮಂದಿರು. ಆ ಮನೆಯ ಮುಂದಿನ ಕೋಣೆಯಲ್ಲಿ ಪಿಯಾನೋ ಇತ್ತು, ಸಂಜೆಗಳಲ್ಲಿ ಹಾಡು ಕುಣಿತ ಇತ್ತು. ಅಕ್ಕ ರೆನೆಗೆ ಹೃದಯದ ಕಾಯಿಲೆ. ಆದರೂ ನೃತ್ಯವೆಂದರೆ ಪ್ರಾಣ. 1957ರಲ್ಲಿ, ತಮ್ಮ ರೇನ ಹದಿಮೂರನೆಯ ಹುಟ್ಟುಹಬ್ಬಕ್ಕೆ ಅವನು ಆಸೆಪಟ್ಟಿದ್ದ ಗಿಟಾರನ್ನು ಅವಳೇ ತಂದುಕೊಟ್ಟಳು. ಆಮೇಲೆ ಕುಣಿಯಲು ಹೋದವಳು ನೃತ್ಯಶಾಲೆಯಲ್ಲೇ ಕುಸಿದು ತೀರಿಕೊಂಡಳು.

ಏಳು ವರ್ಷಗಳ ಮೇಲೆ, 1964ರಲ್ಲಿ, ಕಿರಿಯ ತಮ್ಮ ಡೇವ್ ತನ್ನ ಪುಟ್ಟ ಹಸಿರು ಆಂಪ್ಲಿಫೈಯರಿನ ಸ್ಪೀಕರಿನ ಕಾಗದವನ್ನು ರೇಜರ್ ಬ್ಲೇಡಿನಿಂದ ಸೀಳಿದ. ಹರಿದ ಕಾಗದ ಗರಗರ ಎಂದಿತು. ಅಣ್ಣ ರೇ ಬರೆದ ಹಾಡಿನಲ್ಲಿ ಆ ಗರಗರವನ್ನೇ ಬಳಸಿದರು. 'ಕಿಂಕ್ಸ್' ತಂಡದ ಆ ಹಾಡು ಅದೇ ವರ್ಷ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಏರಿತು. ಅಕ್ಕ ಕೊಟ್ಟ ಗಿಟಾರಿನ ಸುದ್ದಿ ಆ ಹಾಡು ಕೇಳಿ ಕುಣಿದವರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ!

ಅದೇ ಹೊತ್ತಿಗೆ ಲಂಡನ್ನಿನ ಇನ್ನೊಂದು ಕಡೆ ಜಿಮ್ ಮಾರ್ಷಲ್ ಎಂಬ ಡ್ರಮ್ ಮೇಷ್ಟ್ರು ವಾದ್ಯಗಳ ಅಂಗಡಿ ಇಟ್ಟಿದ್ದರು. ಅಮೆರಿಕದ ಫೆಂಡರ್ ಆಂಪ್ಲಿಫೈಯರುಗಳು ಅಲ್ಲಿ ದುಬಾರಿ. ಅವುಗಳಲ್ಲಿ ಒಂದರ ಮಾದರಿ ಹಿಡಿದು 1962ರಲ್ಲಿ ತಮ್ಮ ಹುಡುಗರ ಜೊತೆ ಸೇರಿ ತಾವೇ ಒಂದು ಮಾಡಿದರು. ಗಿರಾಕಿಗಳಿಗೆ ಇನ್ನೂ ಜೋರು ಬೇಕು. 1965ರ ಹೊತ್ತಿಗೆ ಅದು 100 ವ್ಯಾಟ್ ತಲುಪಿತು. ಒಂದೇ ಪೆಟ್ಟಿಗೆಯಲ್ಲಿ ಎಂಟು ಸ್ಪೀಕರ್ ಇಟ್ಟರೆ ಹೊರುವವರ ಸೊಂಟ ಮುರಿಯುವಂತಾಗಿ, ನಾಲ್ಕು ನಾಲ್ಕರ ಎರಡು ಪೆಟ್ಟಿಗೆ ಮಾಡಿ ಒಂದರ ಮೇಲೊಂದು ಪೇರಿಸಿದರು. ವೇದಿಕೆಯ ಮೇಲೆ ಗೋಡೆಯಂತೆ ನಿಲ್ಲುವ ಕಪ್ಪು ಪೆಟ್ಟಿಗೆಗಳ ಕಥೆ ಇದು.

ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಊರು. ಅಲ್ಲಿ 1965ರಲ್ಲಿ ಹದಿನೇಳರ ಹುಡುಗ ಟೋನಿ ಐಯೋಮಿ ತಗಡಿನ ಕಾರ್ಖಾನೆಯ ಕೆಲಸ ಬಿಟ್ಟು ಸಂಗೀತದ ತಂಡದೊಡನೆ ಹೊರಡುವವನಿದ್ದ. ಅವತ್ತೇ ಕೊನೆಯ ದಿನ. ಮಧ್ಯಾಹ್ನ ಊಟಕ್ಕೆ ಬಂದವನು "ಇನ್ನು ಹೋಗುವುದಿಲ್ಲ" ಎಂದ. ತಾಯಿ ಒಪ್ಪಲಿಲ್ಲ, ಹಿಡಿದ ಕೆಲಸ ಮುಗಿಸಿಯೇ ಬರಬೇಕೆಂದು ಕಳಿಸಿದಳು. ನಾವಾದರೂ ಅದನ್ನೇ ಹೇಳುತ್ತಿದ್ದೆವು, ಅಲ್ಲವೇ? ಪ್ರೆಸ್ ಯಂತ್ರದ ಮೇಲಿನ ಹೆಂಗಸು ಅಂದು ಬಂದಿರಲಿಲ್ಲ. ಅವಳ ಜಾಗದಲ್ಲಿ ಇವನನ್ನು ನಿಲ್ಲಿಸಿದರು. ಯಂತ್ರ ಅವನ ಬಲಗೈಯ ಎರಡು ಬೆರಳುಗಳ ತುದಿ ಕತ್ತರಿಸಿತು. ಅವನು ಎಡಚ, ತಂತಿ ಒತ್ತುವ ಕೈಯೇ ಬಲಗೈ.

ಎದೆಗುಂದಿ ಕುಳಿತವನಿಗೆ ಕಾರ್ಖಾನೆಯ ಮೇಲ್ವಿಚಾರಕ ಜ್ಯಾಂಗೋ ರೈನ್‌ಹಾರ್ಟನ ಗಿಟಾರ್ ವಾದನದ ರೆಕಾರ್ಡ್ ತಂದುಕೊಟ್ಟ. 1928ರಲ್ಲಿ ಬೆಂಕಿಗೆ ಸಿಕ್ಕಿ ಕೈ ಊನವಾದ ಮೇಲೂ ಎರಡೇ ಬೆರಳಲ್ಲಿ ನುಡಿಸಿದ ಮಹಾನುಭಾವ ಆತ. ಹುಡುಗ ಎದ್ದ. ಪಾತ್ರೆ ತೊಳೆಯುವ ಸಾಬೂನಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ; ಅದರ ಮೇಲೆ ಹಳೆಯ ಜಾಕೆಟ್ಟಿನ ತೊಗಲು ಅಂಟಿಸಿದ. ತೆಳ್ಳಗಿನ ತಂತಿ ಹಾಕಿದ. ಮುಂದೆ 1971ರ ಆಲ್ಬಂನಲ್ಲಿ ಶ್ರುತಿಯನ್ನೇ ಮೂರು ಸ್ವರಸ್ಥಾನ ಇಳಿಸಿ ತಂತಿಯ ಬಿಗಿ ಕಡಿಮೆ ಮಾಡಿದ. ಆ ಸಡಿಲ ತಂತಿಯ ಮಂದ್ರ ದನಿ ಇನ್ನಷ್ಟು ಭಾರವಾಗಿ ಮೊಳಗಿತು. ಅವನ ತಂಡ 'ಬ್ಲ್ಯಾಕ್ ಸಬಾತ್'. 1970ರ ಫೆಬ್ರವರಿಯಲ್ಲಿ ಬಂದ ಅವರ ಮೊದಲ ಆಲ್ಬಂನಿಂದಲೇ ಹೆವಿ ಮೆಟಲ್ ಶುರುವಾಯಿತೆಂದು ಬಹಳ ಜನ ಹೇಳುತ್ತಾರೆ.

ಹಾಗಾದರೆ ಈ ಸಂಗೀತ ಬರೀ ಗಂಡುಹುಡುಗರದೇ? ಡೇವ್ ಸ್ಪೀಕರ್ ಸೀಳಿದ ವರ್ಷವೇ ಅಮೆರಿಕದ ಕಪ್ಪು ಗಾಯಕಿ ಸಿಸ್ಟರ್ ರೊಸೆಟಾ ಥಾರ್ಪ್ ಮ್ಯಾಂಚೆಸ್ಟರಿನ ಮುಚ್ಚಿದ ರೈಲು ನಿಲ್ದಾಣವೊಂದರಲ್ಲಿ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಹಾಡಿದಳು. ಆಗ ಅವಳ ವಯಸ್ಸು 49. ಫೆಂಡರ್ ಕಾರ್ಖಾನೆಗೆ 1956ರಲ್ಲಿ ಸೇರಿದ ಅಬಿಗೇಲ್ ಇಬಾರಾ ಕೂದಲಿನಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿ ಪಿಕಪ್ ಮಾಡುತ್ತಿದ್ದಳು. 2013ರಲ್ಲಿ ನಿವೃತ್ತಳಾಗುವ ಹೊತ್ತಿಗೆ ಅವಳ ಹೆಸರಿನ ಅಕ್ಷರವಿದ್ದ ಪಿಕಪ್‌ಗಾಗಿ ವಾದಕರು ಹುಡುಕಾಡುವಂತಾಗಿತ್ತು.

ಇದನ್ನೆಲ್ಲ ನಾನು ಓದಿದ್ದು ತಂಗಿಯ ಮಗಳಿಗಾಗಿ. ಅವಳು ಎಲೆಕ್ಟ್ರಿಕ್ ಗಿಟಾರ್ ತಂದ ದಿನದಿಂದ ಮನೆಯಲ್ಲಿ ವಾದ. "ಹೆಣ್ಣುಮಗುವಿಗೆ ವೀಣೆ ಕಲಿಸಬಾರದಿತ್ತೇ?" ಎಂದು ಅವಳ ಅಜ್ಜಿ, ಪಕ್ಕದ ಮನೆಯವರದು ಬೇರೆ. "ದೊಡ್ಡಮ್ಮ, ನೂರು ವ್ಯಾಟಿಂದು ಇಲ್ದಿದ್ರೆ ಆ ಸೌಂಡ್ ಬರಲ್ಲ" ಎಂದು ಇವಳ ಹಟ. ಚರಿತ್ರೆ ಇಬ್ಬರಿಗೂ ಉತ್ತರ ಕೊಡುತ್ತದೆ.

ವ್ಯಾಟ್ ಹತ್ತು ಪಟ್ಟಾದರೆ ಕಿವಿಗೆ ಕೇಳುವ ಜೋರು ಸುಮಾರು ಎರಡು ಪಟ್ಟಾಗುತ್ತದೆ, ಅಷ್ಟೇ. ವಾಲ್ವಿನ ದನಿ ಒಡೆಯುವುದು ಅದರ ಶಕ್ತಿಯ ತುದಿಯಲ್ಲಿ. 100 ವ್ಯಾಟಿನದನ್ನು ಅಲ್ಲಿಗೆ ಒಯ್ದರೆ ಬೀದಿಯೇ ಎದ್ದು ಬಂದೀತು. ಐದು ವ್ಯಾಟಿನ ವಾಲ್ವ್ ಆಂಪ್ಲಿಫೈಯರೂ ಮನೆಗೆ ಜೋರೇ. 1970ರ ಪ್ರಸಿದ್ಧ 'ಲೈಲಾ' ಆಲ್ಬಂನಲ್ಲಿ ಎರಿಕ್ ಕ್ಲಾಪ್ಟನ್ ನುಡಿಸಿದ್ದು ಪುಟ್ಟ ಫೆಂಡರ್ ಚಾಂಪ್‌ಗಳ ಮೂಲಕ. ಸ್ಪೀಕರಿಗೆ ಮೈಕು ಹತ್ತಿರ ಇಟ್ಟರೆ ಕೇಳುವವರಿಗೆ ಪೆಟ್ಟಿಗೆಯ ಗಾತ್ರ ಗೊತ್ತಾಗುವುದಿಲ್ಲ. ಮಧ್ಯಕ್ಕೆ ಇಟ್ಟರೆ ದನಿ ಹರಿತ, ಅಂಚಿಗೆ ಸರಿಸಿದರೆ ಮೃದು. ಒಂದೇ ವಾದನವನ್ನು ಎರಡು ಸಲ ನುಡಿಸಿ ಎಡಕ್ಕೊಂದು ಬಲಕ್ಕೊಂದು ಇಟ್ಟರೆ ಭಾರ ತಾನಾಗಿ ಬರುತ್ತದೆ.

ಇದನ್ನು ಮನೆಯಲ್ಲೇ ಸಾಧಿಸಿ ತೋರಿಸಿದವನು ಅಮೆರಿಕದ ಟಾಮ್ ಶೋಲ್ಜ್. ಪೊಲರಾಯ್ಡ್ ಕಂಪನಿಯ ಎಂಜಿನಿಯರ್. ಹಗಲು ಕೆಲಸ, ರಾತ್ರಿ ಮನೆಯ ನೆಲಮಾಳಿಗೆಯಲ್ಲಿ ರೆಕಾರ್ಡಿಂಗ್. ದೊಡ್ಡ ಸ್ಟುಡಿಯೋದಲ್ಲಿ ಮಾಡಬೇಕೆಂದು ರೆಕಾರ್ಡ್ ಕಂಪನಿ ಹೇಳಿದಾಗ ತಂಡದ ಉಳಿದವರು ಲಾಸ್ ಏಂಜಲೀಸಿಗೆ ಹೋದರು. ಇವನು ನೆಲಮಾಳಿಗೆ ಬಿಡಲಿಲ್ಲ. 1976ರಲ್ಲಿ ಬಂದ 'ಬಾಸ್ಟನ್' ಆಲ್ಬಂ ಅಮೆರಿಕ ಒಂದರಲ್ಲೇ 1 ಕೋಟಿ 70 ಲಕ್ಷ ಮಾರಾಟವಾಯಿತು. ಆಂಪ್ಲಿಫೈಯರಿನ ಪೂರ್ಣ ಶಕ್ತಿಯನ್ನು ಶಾಖವಾಗಿ ಹೀರಿ ಸ್ಪೀಕರಿಗೆ ಸ್ವಲ್ಪವೇ ಬಿಡುವ 'ಪವರ್ ಸೋಕ್' ಪೆಟ್ಟಿಗೆ, ಕಿವಿಯ ಹೆಡ್‌ಫೋನಿಗೇ ನುಡಿಯುವ 'ರಾಕ್‌ಮನ್' ಎರಡೂ ಅವನ ಕೈಯವು. ಈಗ ಅದೆಲ್ಲ ಕಂಪ್ಯೂಟರಿನಲ್ಲೇ ಸಿಗುತ್ತದೆ. ತಂಗಿಯ ಮಗಳು ಸದ್ಯಕ್ಕೆ ಲ್ಯಾಪ್‌ಟಾಪು, ಹೆಡ್‌ಫೋನು, ಒಂದು ಚಿಕ್ಕ ಪೆಟ್ಟಿಗೆಗೆ ಒಪ್ಪಿದ್ದಾಳೆ. ಆದರೆ ಭಾನುವಾರ ಒಂದು ಗಂಟೆ ಹೆಡ್‌ಫೋನ್ ತೆಗೆದು ನುಡಿಸಲಿ ಎಂದು ನಾನೇ ಪಕ್ಕದ ಮನೆಯವರ ಹತ್ತಿರ ಕೇಳಿ ಬಂದೆ. ಮನೆಯಲ್ಲಿ ಜೋರಾಗಿ ದನಿ ಎತ್ತಲು ಹೆಣ್ಣುಮಗುವಿಗೆ ವಾರಕ್ಕೊಂದು ಗಂಟೆಯಾದರೂ ಬೇಡವೇ?

2025ರ ಜುಲೈ 5ರಂದು ಬ್ಲ್ಯಾಕ್ ಸಬಾತ್ ತಮ್ಮ ಊರಾದ ಬರ್ಮಿಂಗ್‌ಹ್ಯಾಮಿನಲ್ಲಿ ಕೊನೆಯ ಕಛೇರಿ ನಡೆಸಿತು. ಹದಿನೇಳು ದಿನಗಳ ಮೇಲೆ ಗಾಯಕ ಆಝಿ ಆಸ್ಬರ್ನ್ ತೀರಿಕೊಂಡ. ಅಂದು ವೇದಿಕೆಯ ಮೇಲೆ ಐಯೋಮಿಗೆ 77 ವರ್ಷ. ಆ ಎರಡು ಬೆರಳುಗಳಿಗೆ ಟೋಪಿ ಹಾಕಿಕೊಂಡೇ ನುಡಿಸಿದ.