ಹಗುರ ವಿಮಾನದ ನಿರ್ವಹಣಾ ವೆಚ್ಚ

ಹಗುರ ವಿಮಾನದ ನಿರ್ವಹಣಾ ವೆಚ್ಚ: ಸಣ್ಣ ವಿಮಾನವನ್ನು ಕೊಂಡ ಬಳಿಕ ಅದನ್ನು ಹಾರಾಟಕ್ಕೆ ಸಜ್ಜಾಗಿಡಲು ಮಾಲೀಕ ಭರಿಸುವ ಆವರ್ತಕ ಖರ್ಚುಗಳ ಮೊತ್ತ.

ಇದರಲ್ಲಿ ಮೂರು ಬಗೆ. ಹ್ಯಾಂಗರ್ ಬಾಡಿಗೆ, ವಿಮೆ, ವಾರ್ಷಿಕ ಹಾರಾಟಯೋಗ್ಯತೆಯ ಪರಿಶೀಲನೆ ಸ್ಥಿರ ವೆಚ್ಚಗಳು. ವಿಮಾನ ನೆಲದಲ್ಲೇ ನಿಂತಿದ್ದರೂ ಇವು ತಪ್ಪವು. ಇಂಧನ, ಎಂಜಿನ್ ಆಯಿಲ್, ಲ್ಯಾಂಡಿಂಗ್ ಶುಲ್ಕ ಹಾರಾಟಕ್ಕೆ ತಕ್ಕಂತೆ ಏರಿಳಿಯುತ್ತವೆ. ಎಂಜಿನ್ ಹಾಗೂ ಪ್ರೊಪೆಲರ್‌ಗಳ ಸಮಗ್ರ ದುರಸ್ತಿಗೆಂದು (ಓವರ್‌ಹಾಲ್) ಗಂಟೆಗಿಷ್ಟು ಎಂದು ತೆಗೆದಿಡುವ ಹಣ ಮೀಸಲು ನಿಧಿ. ಓವರ್‌ಹಾಲ್ ಅವಧಿ 2000 ಗಂಟೆ, ಅದರ ಖರ್ಚು 20 ಲಕ್ಷ ರೂ. ಎಂದಿಟ್ಟುಕೊಂಡರೆ ಗಂಟೆಯ ಮೀಸಲು 1000 ರೂ. ಸ್ಥಿರ ವೆಚ್ಚ ವರ್ಷಕ್ಕೆ 6 ಲಕ್ಷ ರೂ. ಆದಲ್ಲಿ, 50 ಗಂಟೆ ಹಾರಿದಾಗ ಗಂಟೆಗೆ 12,000 ರೂ., 200 ಗಂಟೆ ಹಾರಿದಾಗ 3000 ರೂ. ಬೀಳುತ್ತದೆ.

ಪಿಸ್ಟನ್ ಎಂಜಿನ್‌ಗಳ ಏವಿಯೇಷನ್ ಗ್ಯಾಸೋಲಿನ್ ಭಾರತಕ್ಕೆ ಆಮದಾಗುತ್ತಿತ್ತು. 2022ರಲ್ಲಿ ಇಂಡಿಯನ್ ಆಯಿಲ್ ಈ ಇಂಧನವನ್ನು ದೇಶದಲ್ಲೇ ತಯಾರಿಸಿ ಬಿಡುಗಡೆ ಮಾಡಿತು. ಕರ್ನಾಟಕದಲ್ಲಿ ಬೆಂಗಳೂರಿನ ಜಕ್ಕೂರು ಹಗುರ ವಿಮಾನಗಳ ಪ್ರಮುಖ ನೆಲೆ. ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇರುವುದು ಇಲ್ಲಿಯೇ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ರೂಪಿಸಿದ ಎರಡು ಆಸನಗಳ ‘ಹಂಸ-3’ ಫ್ಲೈಯಿಂಗ್ ಕ್ಲಬ್‌ಗಳ ತರಬೇತಿಗೆಂದೇ ಸಿದ್ಧವಾದದ್ದು. ಸ್ಥಿರ ವೆಚ್ಚ ಹೆಚ್ಚು ಗಂಟೆಗಳಿಗೆ ಹಂಚಿಹೋಗುವುದೇ ಕ್ಲಬ್ ಮತ್ತು ಸಹಮಾಲೀಕತ್ವದ ವ್ಯವಸ್ಥೆಗಳ ಆರ್ಥಿಕ ಆಧಾರ.